ಮುಳಬಾಗಿಲಿನಿಂದ ನೌಕಾಪಡೆಗೆ ಒಂದು ‘ಬೇಡ’

ಹೋದ ಭಾನುವಾರ ಮುಳಬಾಗಿಲಿನ ನಮ್ಮ ಅಣ್ಣನ ಮನೆಯಲ್ಲಿ, ಕೈಯಲ್ಲಿ ಮಾವಿನ ವಾಟೆ ಹಿಡಿದುಕೊಂಡೇ, ಅಣ್ಣನ ಮಗಳು ಮೈತ್ರಿ ನೌಕಾಪಡೆಗೆ ‘ಬೇಡ’ ಅಂದುಬಿಟ್ಟಳು.

ತಮಾಷೆ ಅಲ್ಲ. ಸಮುದ್ರ ನೋಡಬೇಕೆಂದರೆ ಅರ್ಧ ದಿನ ಬಸ್ಸಿನಲ್ಲಿ ಕೂರಬೇಕಾದ ಊರು ನಮ್ಮದು. ನಮಗೆ ಗೊತ್ತಿರುವ ಸಮುದ್ರ ಅಂದರೆ ದೇವರಾಯಸಮುದ್ರ. ಅದು ಕೆರೆ.

ಮೈತ್ರಿಯ ಕೆಲಸ ಏನು ಅಂತ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕರಾವಳಿಯ ಒಂದು ಆಫೀಸು (ಯಾವ ಊರು ಅಂತ ಕೇಳಬೇಡಿ, ಆ ವಿಷಯದಲ್ಲಿ ಅವಳು ಅತ್ತೆಯಾದ ನನ್ನನ್ನೂ ನಂಬುವುದಿಲ್ಲ). ಕಂಪ್ಯೂಟರಿಗೆ ಗಾಳಿಯ ಲೆಕ್ಕ, ನೀರಿನ ಆಳದ ಲೆಕ್ಕ ಕೊಡುತ್ತಾಳೆ. ನಾಳೆ ಯಾವ ದಡಕ್ಕೆ ಎಷ್ಟೆತ್ತರದ ಅಲೆ ಬರುತ್ತದೆ ಅಂತ ಅದು ಹೇಳುತ್ತದೆ. ವೇವ್ ಮಾಡೆಲ್ ಅಂತಾರೆ. ನೌಕಾಪಡೆಯವರು ಸಣ್ಣ ಬೋಟುಗಳನ್ನು ದಡಕ್ಕೆ ತರುವ ಮುಂಚೆ ಇವಳ ಆಫೀಸನ್ನು ಕೇಳುತ್ತಾರೆ. ದೊಡ್ಡ ಹಡಗು ನಡುಸಮುದ್ರದಲ್ಲಿ ಹೇಗೋ ಸಂಭಾಳಿಸಿಕೊಳ್ಳುತ್ತದೆ. ಸಣ್ಣ ಬೋಟಿಗೆ ಅಪಾಯ ಇರುವುದು ದಡದ ಹತ್ತಿರ ಬಂದಾಗಲೇ. (ನೆಂಟಸ್ತಿಕೆಯೂ ಹಾಗೇ ಬಿಡಿ.)

ನಮ್ಮಣ್ಣ ಪುರೋಹಿತ. ಮಗಳು ಏನು ಮಾಡ್ತಾಳೆ ಅಂತ ಯಾರಾದರೂ ಕೇಳಿದರೆ, ಹಡಗುಗಳಿಗೆ ಮುಹೂರ್ತ ಇಡ್ತಾಳೆ ಅಂತಾನೆ. ಅವಳಿಗೆ ಮೈಯೆಲ್ಲ ಉರಿ.

“ಅಪ್ಪಾ, ನಿಮ್ಮ ಮುಹೂರ್ತ ತಪ್ಪಾದ್ರೆ ಗೊತ್ತಾಗೋಕೆ ಹತ್ತು ವರ್ಷ ಬೇಕು. ನಂದು ಅರ್ಧ ಗಂಟೇಲಿ ಗೊತ್ತಾಗುತ್ತೆ.”

ಭಾನುವಾರದ ಊಟ ಮುಗಿದಿತ್ತು. ಅತ್ತಿಗೆಯ ತಮ್ಮ ಶ್ರೀನಾಥ ಗೌನಿಪಲ್ಲಿಯ ತನ್ನ ತೋಟದಿಂದ ಒಂದು ಕ್ರೇಟ್ ಹಣ್ಣು ತಂದಿದ್ದ. ಎಲ್ಲರ ಕೈಯೂ ಹಳದಿ. ಆಗಲೇ ಮೈತ್ರಿಗೆ ಆಫೀಸಿನಿಂದ ಫೋನು. ಅವಳು ರಜೆಯಲ್ಲಿದ್ದಳು, ನಿಜ. ಆದರೆ ಆ ದಡದ ಮಾಡೆಲ್ ಕೂರಿಸಿದವಳು ಅವಳೇ. ಕೊನೆಯ ಮಾತು ಅವಳದೇ ಆಗಬೇಕಂತೆ.

ವಿಷಯ ಇಷ್ಟು. ಮರುದಿನ ಬೆಳಿಗ್ಗೆ ಅಲ್ಲೊಂದು ಡ್ರಿಲ್. ಬೋಟುಗಳಲ್ಲಿ ಹುಡುಗರನ್ನು ತುಂಬಿಕೊಂಡು ಬಂದು ದಡಕ್ಕೆ ಇಳಿಸಬೇಕು. ನೋಡಲು ಯಾರೋ ದೊಡ್ಡವರು ಬರುತ್ತಿದ್ದಾರೆ. ಆಕಾಶ ಶುಭ್ರ, ಎಲೆ ಅಲ್ಲಾಡುತ್ತಿಲ್ಲ. ಮೈತ್ರಿಯ ಕಂಪ್ಯೂಟರ್ ಮಾತ್ರ ಬೋಟು ಇಳಿಸಬೇಡಿ ಅನ್ನುತ್ತಿದೆ.

ಶ್ರೀನಾಥನಿಗೆ ಕೇಳಬೇಕೇ? “ಏನಮ್ಮಾಯಿ, ಗಾಳಿ ಇಲ್ಲ ಅಂತಾರೆ, ಮಳೆ ಇಲ್ಲ ಅಂತಾರೆ. ಮುಳಬಾಗಿಲಲ್ಲಿ ಕೂತ್ಕೊಂಡು ಸಮುದ್ರಕ್ಕೆ ರಜಾ ಕೊಡ್ತೀಯಾ?”

“ಮಾವಾ, ಬೈಪಾಸಲ್ಲಿ ಲೋಡ್ ಲಾರಿ ಹೋದ್ರೆ ನಮ್ಮ ಅಡುಗೆಮನೆ ತಟ್ಟೆ ಗಡಗಡ ಅನ್ನಲ್ವಾ? ಲಾರಿ ಕಾಣ್ಸುತ್ತಾ ನಿಮ್ಗೆ?”

ಹಾಗೇ ಇದೂ ಅಂತ ಬಿಡಿಸಿ ಹೇಳಿದಳು. ತೀರಾ ದಕ್ಷಿಣದಲ್ಲಿ ಎಲ್ಲೋ ಬಿರುಗಾಳಿ ಎದ್ದಿದೆ. ಅಲ್ಲಿಂದ ಹೊರಟ ಉದ್ದನೆಯ ಅಲೆ ನಡುಸಮುದ್ರದಲ್ಲಿ ಕಣ್ಣಿಗೇ ಬೀಳುವುದಿಲ್ಲ. ದಡದ ಹತ್ತಿರ ಆಳ ಕಡಿಮೆಯಾದಾಗ ಅದರ ಕಾಲು ನೆಲಕ್ಕೆ ತಾಗಿ ನಿಧಾನವಾಗುತ್ತದೆ. ಹೈವೇಯಲ್ಲಿ ಹಂಪ್ ಕಂಡು ಮುಂದಿನ ಬಸ್ಸು ಬ್ರೇಕ್ ಹಾಕಿದರೆ ಹಿಂದಿನವೆಲ್ಲ ಬಂದು ಒತ್ತಿಕೊಳ್ಳುತ್ತವಲ್ಲ, ಹಾಗೆ. ಗಾಡಿಗಳಾದರೆ ಉದ್ದಕ್ಕೆ ನಿಲ್ಲುತ್ತವೆ. ನೀರು ಎತ್ತರಕ್ಕೆ ನಿಲ್ಲುತ್ತದೆ. ಅಲ್ಲಿ ಬೋಟಿದ್ದರೆ ಮಗುಚಿಕೊಳ್ಳುತ್ತದೆ.

ಶ್ರೀನಾಥ ಇನ್ನೊಂದು ಹಣ್ಣು ತೆಗೆದುಕೊಂಡ. ಅವನು ಸೋಲು ಒಪ್ಪಿಕೊಳ್ಳುವ ರೀತಿ ಅದು.

ಆದರೆ ಮೇಲಿನವರು ಒಪ್ಪಬೇಕಲ್ಲ? ಮತ್ತೆ ಫೋನು. ಪಕ್ಕಾನಾ ಅಂತ ಕೇಳಿದರು. ಪಕ್ಕಾ ಅನ್ನೋಕಾಗಲ್ಲ, ಅಪಾಯ ಜಾಸ್ತಿ ಅಂದಳು. ಅವರು ಮೊದಲರ್ಧ ಮಾತ್ರ ಕೇಳಿಸಿಕೊಂಡರು. ಪಕ್ಕಾ ಇಲ್ಲದ ಮೇಲೆ ಇಷ್ಟು ದೊಡ್ಡ ಪ್ರೋಗ್ರಾಂ ನಿಲ್ಲಿಸೋದಾ? ಯೋಚನೆ ಮಾಡಿ ಹೇಳಿ ಅಂತ ಇಟ್ಟರು.

ಅವಳ ಕಷ್ಟ ಆಗ ಹೊರಗೆ ಬಂತು. ಕೆಲವು ತಿಂಗಳ ಹಿಂದೆ ಹೀಗೇ ಬೇಡ ಅಂದಿದ್ದಳಂತೆ. ಅವತ್ತು ಸಮುದ್ರ ಮಲಗಿದ ಹಸುವಿನ ಹಾಗೆ ಇತ್ತು. ಅಲ್ಲಿಂದಾಚೆಗೆ ಆಫೀಸಿನಲ್ಲಿ ಇವಳಿಗೆ ‘ನೋ ಮೇಡಂ’ ಅಂತ ಹೆಸರು. ಇನ್ನೊಂದು ಸಲ ಹಾಗಾದರೆ ಆಮೇಲೆ ಇವಳ ಮಾಡೆಲ್ಲನ್ನು ಯಾರೂ ತಿರುಗಿ ನೋಡುವುದಿಲ್ಲ. ಹೂಂ ಅಂದು ಅಲೆ ಬಂದರೆ? ಹುಡುಗರು ನೀರಿನಲ್ಲಿ.

ಮಾವಿನ ರಸ ಮೊಣಕೈವರೆಗೂ ಇಳಿದಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ.

ಅಷ್ಟು ಹೊತ್ತೂ ಅಣ್ಣ ಗೋಡೆಗೊರಗಿ ಕಣ್ಣು ಮುಚ್ಚಿ ಕೂತಿದ್ದ. ನಿದ್ದೆ ಮಾಡುತ್ತಿದ್ದಾನೆ ಅಂದುಕೊಂಡಿದ್ದೆ.

“ಲೆಕ್ಕ ಇನ್ನೊಂದ್ಸಲ ನೋಡಿದ್ಯಾ?”

“ನೋಡ್ದೆ ಅಪ್ಪ. ಅದೇ ಬರ್ತಿದೆ.”

“ಹಾಗಾದ್ರೆ ಹೇಳ್ಬಿಡು. ಬೈಸ್ಕೊಳ್ಳೋದು ನಮ್ಮ ಕಸುಬಲ್ಲೇ ಇದೆ ಕಣೇ.”

ನಮ್ಮ ಕಸುಬು! ಮೈತ್ರಿ ಅಪ್ಪನ ಮುಖ ನೋಡಿದಳು. ಈ ಸಲ ಉರಿದುಕೊಳ್ಳಲಿಲ್ಲ. ಫೋನು ತಿರುಗಿ ಬಂದಾಗ, ಬೋಟು ಇಳಿಸುವುದು ಬೇಡ, ಮೇಲ್‌ನಲ್ಲೂ ಇದನ್ನೇ ಬರೆದು ಕೊಡುತ್ತೇನೆ ಅಂದಳು. ಆ ಕಡೆಯಿಂದ ಏನಂದರೋ, ಹತ್ತಿರ ಕೂತಿದ್ದ ನನಗೂ ಪೂರ್ತಿ ಕೇಳಿಸಲಿಲ್ಲ. ಕೇಳಿಸಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಅಂತೂ ಡ್ರಿಲ್ ರದ್ದಾಯಿತು.

ನಾವೇನು ಕಮ್ಮಿಯೇ? ಬೇಡ ಅನ್ನುವವರನ್ನು ಕಂಡರೆ ನಮಗೂ ಆಗುವುದಿಲ್ಲ. ಈ ಹಳೇ ಲೈನಿಗೆ ಗೀಸರ್ ಹಾಕಬೇಡಿ ಅಂತ ಎಲೆಕ್ಟ್ರಿಷಿಯನ್ ಹೇಳಿದರೆ ಏನು ಮಾಡುತ್ತೇವೆ? ಇನ್ನೊಬ್ಬ ಎಲೆಕ್ಟ್ರಿಷಿಯನ್ನನ್ನು ಕರೆಯುತ್ತೇವೆ. ಅವನೂ ಬೇಡ ಅಂದರೆ ಮೂರನೆಯವನು. ಕೊನೆಗೆ ಒಬ್ಬ ಸಿಗುತ್ತಾನೆ, ಆಗುತ್ತೆ ಮೇಡಂ ಅಂತ. ಅವನೇ ಒಳ್ಳೆಯವನು. ಸ್ವಿಚ್ಚು ಸುಟ್ಟ ವಾಸನೆ ಬರುವವರೆಗೂ.

ಸೋಮವಾರ ಬೆಳಿಗ್ಗೆ ಮನೆಯಲ್ಲಿ ಯಾರಿಗೂ ತಿಂಡಿ ರುಚಿಸಲಿಲ್ಲ. ಅಣ್ಣನ ಸಂಧ್ಯಾವಂದನೆ ಫೋನಿನ ಪಕ್ಕದಲ್ಲೇ ನಡೆಯಿತು. ಗ್ಯಾಸ್ ಸಿಲಿಂಡರ್ ಬಂತಾ ಅಂತ ಕೇಳುವ ಹಾಗೆ ಅತ್ತಿಗೆ ಅಲೆ ಬಂತಾ ಅಂತ ಕೇಳುತ್ತಿದ್ದರು. ಅಷ್ಟೇ ಅಲ್ಲ, ತುಪ್ಪದ ದೀಪ ಹಚ್ಚಿ, ದೊಡ್ಡ ಅಲೆಯೇ ಬರಲಪ್ಪ ಅಂತ ಬೇಡಿಕೊಂಡರು! (ಕರಾವಳಿಯವರು ಕ್ಷಮಿಸಿ. ತಾಯಿಕರುಳು.) ಶ್ರೀನಿವಾಸಪುರದ ಮಂಡಿಯಿಂದ ಶ್ರೀನಾಥ, ಹರಾಜಿನ ಗಲಾಟೆಯ ನಡುವೆಯೇ, ಎರಡು ಸಲ ಫೋನ್ ಮಾಡಿದ.

ಅಲೆ ಬರಲಿಲ್ಲ. ಬಿಸಿಲೇರಿತು. ಆಗಲೂ ಬರಲಿಲ್ಲ. ಮೈತ್ರಿ ಗೋಡೆ ನೋಡಿಕೊಂಡು ಕೂತಳು.

ಆಮೇಲೆ ವಾಟ್ಸಾಪಿನಲ್ಲಿ ಒಂದು ವಿಡಿಯೋ ಬಂತು. ಎಲ್ಲರೂ ಒಂದೇ ಫೋನಿಗೆ ಬಗ್ಗಿದೆವು. ಖಾಲಿ ದಡ. ನೀಲಿ ಆಕಾಶ. ನೀರು ಸದ್ದಿಲ್ಲದೆ ಹಿಂದಕ್ಕೆ ಸರಿಯಿತು. ಆಮೇಲೆ ಕಾಂಪೌಂಡ್ ಗೋಡೆಯ ಹಾಗೆ ಎದ್ದು ನಿಂತು ಬಿತ್ತು. ಅದರ ಹಿಂದೆ ಇನ್ನೊಂದು. ಹಿಂದಿನ ದಿನ ಹಾಕಿ ಬಿಚ್ಚದೆ ಬಿಟ್ಟಿದ್ದ ಶಾಮಿಯಾನ, ಕುರ್ಚಿಗಳು, ದೊಡ್ಡವರಿಗೆಂದು ಇಟ್ಟಿದ್ದ ಬಿಳಿ ಸೋಫಾ, ಎಲ್ಲ ತೇಲಿಕೊಂಡು ಹೊರಟವು. ದಡದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಅತ್ತಿಗೆ ಅತ್ತರು. ಅಣ್ಣ ಮಗಳ ತಲೆ ಮೇಲೆ ಕೈಯಿಟ್ಟ.

ಮಧ್ಯಾಹ್ನ ಮೇಲಿನವರ ಫೋನು ಬಂತು. ಶಹಬ್ಬಾಸ್ ಅನ್ನೋಕೆ ಅಂದುಕೊಂಡಿರಾ? ಶಾಮಿಯಾನದವನು ಗಲಾಟೆ ಮಾಡುತ್ತಿದ್ದಾನಂತೆ. ನೀರು ಇಷ್ಟು ಮೇಲಕ್ಕೆ ಬರುತ್ತೆ ಅಂತ ಗೊತ್ತಿದ್ದರೆ ಸೋಫಾ ತೆಗೆಸಿ ಅಂತ ಮೇಲ್‌ನಲ್ಲಿ ಯಾಕೆ ಬರೆಯಲಿಲ್ಲ ಅಂತ ಕೇಳಿದರು. ವಿವರಣೆ ಬೇಕಂತೆ.

ಆ ಬೋಟಿನಲ್ಲಿ ಇರಬೇಕಾಗಿದ್ದ ಹುಡುಗರು ಅವತ್ತು ಮಧ್ಯಾಹ್ನ ಸಾರಿಗೆ ಉಪ್ಪು ಕಮ್ಮಿ ಅಂತ ಗೊಣಗಿಕೊಂಡು ಊಟ ಮಾಡಿರುತ್ತಾರೆ. ಅದಕ್ಕೆ ಯಾವ ಆಫೀಸಿನಲ್ಲಿ ರಿಪೋರ್ಟ್ ಬರೆಯುತ್ತಾರೆ, ಹೇಳಿ?