ನಮ್ಮತ್ತೆ ಕೊರಿಯನ್ ಕಲಿತದ್ದು

ನನಗೆ ಕೊರಿಯನ್ ಬರುವುದಿಲ್ಲ. ಆರು ತಿಂಗಳು ಕಲಿತೆ, ಎರಡು ನೋಟ್ ಪುಸ್ತಕ ತುಂಬಿಸಿದೆ, ಕೊನೆಗೆ ನಮಸ್ಕಾರ ಹೇಳುವುದಕ್ಕೂ ತಡವರಿಸುವ ಸ್ಥಿತಿಯಲ್ಲೇ ಕೈಬಿಟ್ಟೆ. ಅದೇ ಆರು ತಿಂಗಳಲ್ಲಿ, ಅದೇ ಚಾಪೆಯ ಮೇಲೆ ನನ್ನ ಪಕ್ಕದಲ್ಲೇ ಕೂತು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ನನ್ನ ಅತ್ತೆ ಕಲಿತರು. ನಾನು ಎಂ.ಎ. ಮಾಡಿದವಳು. ಈಗ ನಗುನಗುತ್ತಾ ಬರೆಯುತ್ತಿದ್ದೇನೆ, ಆಗ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಮನೆ ಇರುವುದು ಸಹಕಾರನಗರದ ಅಂಚಿನಲ್ಲಿ, ಕೊಡಿಗೇಹಳ್ಳಿಗೆ ತಾಗಿದಂತೆ. ಅತ್ತೆ ಮದುವೆಯಾಗಿ ಬಂದಾಗ ಅಲ್ಲಿ ರಾಗಿ ಹೊಲವಿತ್ತಂತೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಹೊಲವೆಲ್ಲ ಸೈಟಾಗಿ, ನಮ್ಮ ಪಾಲಿಗೆ ಉಳಿದ ಜಾಗದಲ್ಲಿ ಮೂರಂತಸ್ತಿನ ಮನೆ ಎದ್ದಿತ್ತು. ಕೆಳಗೆ ನಾವು, ಮೇಲಿನ ಎರಡೂ ಮನೆ ಬಾಡಿಗೆಗೆ. ಮಧ್ಯದ ಮನೆಯಲ್ಲಿ ಕೊರಿಯಾದ ಒಬ್ಬ ಹೆಂಗಸು ಗಂಡನ ಜೊತೆ ಇದ್ದರು. ವಯಸ್ಸು ಐವತ್ತರ ಆಸುಪಾಸು. ಗಂಡ ಯಾವುದೋ ಕಾರ್ಖಾನೆಯ ಕೆಲಸಕ್ಕೆ ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಆಕೆಗೆ ಇಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು, ಕನ್ನಡ ಎಂದರೆ ಹತ್ತು ಪದ. ಎರಡು ವರ್ಷ ಅತ್ತೆಗೂ ಆಕೆಗೂ ನಡೆದದ್ದು ನೀರಿನ ಮೋಟಾರಿನ ವಿಷಯ, ಆಗೀಗ ಅಡುಗೆ ಪಾತ್ರೆಯ ಓಡಾಟ ಮತ್ತು ಒಂದಿಷ್ಟು ನಗು, ಅಷ್ಟೇ.

ನನ್ನ ನಾದಿನಿ ಕೃಷಿ ಓದಿದವಳು. ಬೀಜಗಳ ಮೇಲೆ ಸಂಶೋಧನೆ ಮಾಡಲು ಕೊರಿಯಾಕ್ಕೆ ಹೋಗಿ ನಾಲ್ಕು ವರ್ಷವಾಗಿತ್ತು. ಗಂಡನೂ ಅದೇ ಕೆಲಸದವನು. ಅವಳ ಮೊದಲ ಬಸಿರು ನಾಲ್ಕನೇ ತಿಂಗಳಲ್ಲಿ ಹೋಯಿತು. ಆಗ ಗಂಡ ದೂರದ ಊರಿನ ಪ್ರಯೋಗದ ಹೊಲದಲ್ಲಿದ್ದ, ಇವಳು ಒಬ್ಬಳೇ ಆಸ್ಪತ್ರೆಗೆ ಹೋಗಿ ಒಬ್ಬಳೇ ಮನೆಗೆ ಬಂದಳು. ನಮಗೆ ಹೇಳಿದ್ದು ಹದಿನೈದು ದಿನ ಕಳೆದ ಮೇಲೆ. ಮಗಳು ಅಲ್ಲಿ ಹಾಗೆ ಮಲಗಿದ್ದಾಗ ತಾನು ಇಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆನಲ್ಲ ಎಂದು ಅತ್ತೆ ಎಷ್ಟೋ ದಿನ ತಮ್ಮನ್ನು ತಾವೇ ಬೈದುಕೊಂಡರು.

ಅವಳು ಮತ್ತೆ ಬಸುರಿಯಾದದ್ದು 2014ರಲ್ಲಿ. ಸುದ್ದಿ ತಿಳಿದ ದಿನ ಅತ್ತೆ ವಿಡಿಯೋ ಕರೆಯಲ್ಲಿ ಆಡಿದ ಮೊದಲ ಮಾತೇ, "ಬಾಣಂತನಕ್ಕೆ ನಾನ್ ಬರ್ತೀನಿ ಕಣೆ."

"ಬೇಡಮ್ಮ," ಎಂದಳು ಅವಳು. "ನಿಂಗೆ ಇಲ್ಲಿನ್ ಭಾಷೆ ಒಂದಕ್ಷರ ಬರಲ್ಲ. ಒಬ್ಳೇ ಅಂಗಡಿಗೆ ಹೋಗೋಕಾಗಲ್ಲ. ಆಸ್ಪತ್ರೇಲಿ ಯಾರಾದ್ರೂ ಏನಾದ್ರೂ ಕೇಳಿದ್ರೆ ಪಿಳಿಪಿಳಿ ಅಂತ ನೋಡ್ತಿರ್ತೀಯ. ಆಮೇಲೆ ಮಗು ಜೊತೆ ನಿನ್ನೂ ನಾನೇ ನೋಡ್ಕೋಬೇಕಾಗುತ್ತೆ."

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ದಣಿದ ಹುಡುಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆದರೂ ಅತ್ತೆಯ ಮುಖ ಸಣ್ಣಗಾಯಿತು. "ಸರಿ ಬಿಡು" ಎಂದು ಎದ್ದು ಒಳಗೆ ಹೋದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮಾರನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಡಬ್ಬಿಯ ತುಂಬ ಕೋಡುಬಳೆ ಹಿಡಿದು ನನ್ನ ಮುಂದೆ ನಿಂತರು.

"ಬಾರಮ್ಮ, ಮೇಲಕ್ಕೋಗಾನ. ನಂಗೆ ಅವರ ಮಾತು ಕಲಿಸ್ಬೇಕಂತೆ ಅಂತ ನೀನು ಇಂಗ್ಲೀಷಲ್ಲಿ ಏಳು."

ದುಭಾಷಿಯಾಗಿ ಹೋದ ನಾನು, ಸುಮ್ಮನೆ ಕೂರುವುದೇಕೆ ಎಂದು ವಿದ್ಯಾರ್ಥಿನಿಯೂ ಆದೆ. ಅತ್ತೆಗೆ ನಾನು ಸಹಾಯ ಮಾಡಬೇಕಾಗುತ್ತದೆ ಎಂಬ ಗರ್ವವೂ ಇತ್ತು, ಸುಳ್ಳೇಕೆ ಹೇಳಲಿ.

ವಾರಕ್ಕೆ ಐದು ದಿನ, ಎರಡರಿಂದ ಮೂರೂವರೆ. ಮೇಲಿನ ಮನೆಯಾಕೆಯನ್ನು ಅತ್ತೆ ಮೊದಲ ದಿನವೇ ಟೀಚರಮ್ಮ ಮಾಡಿಬಿಟ್ಟರು. ಟೀಚರಮ್ಮ ನೋಡಲು ಮೃದು, ಪಾಠಕ್ಕೆ ಕೂತರೆ ಮಾತ್ರ ಕಟ್ಟುನಿಟ್ಟು. ತಪ್ಪಾದರೆ ಚಾಪೆಯ ಮುಂದಿನ ಗಿಡ್ಡ ಮೇಜು ತಟ್ಟುತ್ತಿದ್ದರು. ಪೆನ್ನು ಹಿಡಿದರೆ ಅತ್ತೆಯ ಕೈ ನಡುಗುತ್ತಿತ್ತು, ಗೆರೆಗಳು ಸೊಟ್ಟಗಾಗುತ್ತಿದ್ದವು. ಮೂರನೇ ದಿನ ಬೆಳಿಗ್ಗೆ ನಾನು ಬಾಗಿಲು ತೆಗೆದು ನೋಡಿದರೆ ಮನೆ ಮುಂದಿನ ರಂಗೋಲಿಯ ಜಾಗದಲ್ಲಿ ಕೊರಿಯನ್ ಅಕ್ಷರಗಳು ಸಾಲಾಗಿ ಕೂತಿದ್ದವು. ರಂಗೋಲಿ ಪುಡಿ ಹಿಡಿದ ಆ ಕೈ ನಡುಗುವುದುಂಟೇ! ಗೆರೆಯೆಂದರೆ ಗೆರೆ, ಸೊನ್ನೆಯೆಂದರೆ ಸೊನ್ನೆ. ಅಂದಿನಿಂದ ದಿನಕ್ಕೊಂದು ಸಾಲು. ಹಾಲಿನವನು ಎರಡು ದಿನ ನೋಡಿ ಮೂರನೇ ದಿನ ತಡೆಯಲಾರದೆ ಕೇಳಿದ, "ಏನಮ್ಮಾ, ಚೀನಾದವ್ರಿಗೆ ಮನೆ ಮಾರ್ಬಿಟ್ರಾ?"

ನಾನು ಹಿಂದೆ ಬಿದ್ದದ್ದು ಏಕೆ ಎಂದು ಆಮೇಲೆ ಯೋಚಿಸಿದ್ದೇನೆ. ಟೀಚರಮ್ಮ ಒಂದು ವಾಕ್ಯ ಹೇಳಿದರೆ ನಾನು ಅದನ್ನು ಇಂಗ್ಲಿಷಿಗೆ ತಂದು, ಹಿಂದುಮುಂದು ಮಾಡಿ, ಮತ್ತೆ ತಿರುಗಿಸುವಷ್ಟರಲ್ಲಿ ಅವರು ಮುಂದಿನದಕ್ಕೆ ಹೋಗಿರುತ್ತಿದ್ದರು. ಅತ್ತೆಗೆ ಇಂಗ್ಲಿಷಿನ ಹಂಗೇ ಇರಲಿಲ್ಲ. ಕನ್ನಡದ ಪದವನ್ನು ಎತ್ತಿ ಆ ಜಾಗದಲ್ಲಿ ಕೊರಿಯನ್ ಪದ ಇಡುತ್ತಿದ್ದರು, ಅದು ಸರಿಯಾಗಿಯೇ ಕೂರುತ್ತಿತ್ತು. ದೊಡ್ಡವರ ಹತ್ತಿರ ಆಡುವ ಮಾತು ಬೇರೆ, ಚಿಕ್ಕವರ ಹತ್ತಿರ ಬೇರೆ ಎಂಬುದು ನನಗೆ ದೊಡ್ಡ ತಲೆನೋವಾದರೆ ಅವರಿಗೆ ನಗು.

"ಎಸ್ರಿಡಿದು ಕರಿಯಂಗಿಲ್ಲ, ಅಕ್ಕ ಅಣ್ಣ ಅನ್ಬೇಕು. ಸಿಕ್ಕಿದ್ ತಕ್ಷಣ ಊಟ ಆಯ್ತಾ ಅಂತ ಕೇಳ್ಬೇಕು. ಇದ್ರಲ್ಲಿ ಕಲಿಯೋದೇನೈತೆ?" ಎನ್ನುತ್ತಿದ್ದರು.

ಎರಡು ತಿಂಗಳಾಗುವ ಹೊತ್ತಿಗೆ ಟೀಚರಮ್ಮ ಹೆಸರುಗಳನ್ನು ಬರೆಯುವುದನ್ನು ಹೇಳಿಕೊಟ್ಟರು. ನಾದಿನಿಗೆ ಆಗ ಐದು ತಿಂಗಳು ತುಂಬಿತ್ತು. ಒಂದು ಶುಕ್ರವಾರ ಮಗಳ ಹೆಸರಿನಲ್ಲಿ ಮನೆಯಲ್ಲೊಂದು ಪೂಜೆ ಇಟ್ಟುಕೊಂಡ ಅತ್ತೆ, ಬೆಳಿಗ್ಗೆ ಬೇಗ ಎದ್ದು ಬಾಗಿಲ ಮುಂದೆ ಸಾರಿಸಿ, ಮಗಳ ಹೆಸರನ್ನು ಕೊರಿಯನ್ ಅಕ್ಷರದಲ್ಲಿ ದೊಡ್ಡದಾಗಿ ಬಿಡಿಸಿದರು. ಬಿಳಿ ಗೆರೆಯೊಳಗೆ ಕುಂಕುಮ ತುಂಬಿಸಿದರು. ಸುತ್ತಲೂ ಸೇವಂತಿಗೆ ಹೂವು. ನಿಜಕ್ಕೂ ಚೆನ್ನಾಗಿತ್ತು. ಟೀಚರಮ್ಮನಿಗೆ ತೋರಿಸಬೇಕೆಂದು ಮೆಟ್ಟಿಲ ಕೆಳಗೇ ಕಾದು ನಿಂತರು.

ಟೀಚರಮ್ಮ ಚೀಲ ಹಿಡಿದು ಇಳಿದು ಬಂದರು. ಕೊನೆಯ ಮೆಟ್ಟಿಲ ಮೇಲೆ ಹಾಗೇ ನಿಂತುಬಿಟ್ಟರು. ಕೈ ಬಾಯಿಗೆ ಹೋಯಿತು, ಮುಖ ಬಿಳಿಚಿಕೊಂಡಿತು. ನನ್ನತ್ತ ತಿರುಗಿ ತಮ್ಮ ಚೂರುಪಾರು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ತಮ್ಮ ನಾಡಿನಲ್ಲಿ ಕೆಂಪಿನಲ್ಲಿ ಹೆಸರು ಬರೆಯುವುದು ಸತ್ತವರಿಗೆ. ಬದುಕಿರುವವರ ಹೆಸರು ಬರೆಯಲು ಯಾರೂ ಕೆಂಪು ಪೆನ್ನು ಕೂಡ ಮುಟ್ಟುವುದಿಲ್ಲ. ಅದರಲ್ಲೂ ಬಸುರಿ ಹೆಂಗಸಿನ ಹೆಸರು!

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಮ್ಮ ಮನೆ, ನಮ್ಮ ಬಾಗಿಲು, ಕುಂಕುಮಕ್ಕಿಂತ ಮಂಗಳದ್ದು ನಮಗೆ ಏನಿದೆ, ಹಬ್ಬದ ಬೆಳಿಗ್ಗೆಯಂಥ ಬೆಳಿಗ್ಗೆಯಲ್ಲಿ ಸಾವಿನ ಮಾತೇ ಎಂದು ಜಗಳಕ್ಕೇ ನಿಂತಿದ್ದೆ. ಅತ್ತೆ ನನ್ನ ಸೆರಗು ಜಗ್ಗಿ, "ಏನಂತೆ?" ಎಂದರು. ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಅವರ ಕಣ್ಣು ನನ್ನ ಮೇಲೇ ಇತ್ತು. ಹೇಳಿಬಿಟ್ಟೆ.

ಅವರು ಸೀದಾ ಒಳಗೆ ಹೋದರು. ಒಳಗಿನಿಂದ ಬಕೆಟ್ ತಂದು, ಹೂವನ್ನು ಬಿಡಿಸಿ ಪಕ್ಕಕ್ಕಿಟ್ಟು, ಕುಕ್ಕರಗಾಲಲ್ಲಿ ಕೂತು ಆ ಹೆಸರನ್ನು ಬರಿಗೈಯಲ್ಲಿ ತೊಳೆದರು. ಕುಂಕುಮ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಮೂರು ಬಕೆಟ್ ನೀರಾಯಿತು. ಟೀಚರಮ್ಮ ಚೀಲವನ್ನು ಮೆಟ್ಟಿಲ ಮೇಲಿಟ್ಟು ಬಂದು ಜೊತೆಗೆ ಕೂತು ಉಜ್ಜಿದರು. ಕೊನೆಗೆ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ನನಗೆ ಹೇಳಿದರು:

"ಬಾಯಿ ತಪ್ಪಿದ್ರೆ ಜನ ನಕ್ಕು ಸುಮ್ನಾಗ್ತಾರೆ ಕಣಮ್ಮ. ಕೈ ತಪ್ಪಿದ್ರೆ ಎದೆ ಒಡ್ಕೊಂತಾರೆ. ನಾನು ಅಲ್ಲೋಗಿ ಇಂಗೇ ಮಾಡಿದ್ದಿದ್ರೆ ನನ್ ಮಗಳು ಏನಾಗ್ಬೇಕಿತ್ತು? ಮಾತು ಆಮೇಲ್ ಕಲಿಯಾನ. ಮೊದ್ಲು ಅಲ್ಲಿ ಏನೇನ್ ಮಾಡ್ಬಾರ್ದು, ಅದನ್ನ ಏಳ್ಕೊಡಾಕೇಳು."

ನಾನಾಗಿದ್ದರೆ ಪಾಠಕ್ಕೇ ತಿಲಾಂಜಲಿ ಕೊಡುತ್ತಿದ್ದೆ. ನನ್ನ ಅತ್ತೆಯನ್ನು ನಾನು ಮನಸಾರೆ ಮೆಚ್ಚಿದ ಮೊದಲ ದಿನ ಅದು. ಅದಕ್ಕೂ ಮುಂಚೆ ಎಂಟು ವರ್ಷ ಒಂದೇ ಮನೆಯಲ್ಲಿದ್ದೆವು ಎಂದು ಹೇಳಲು ನಾಚಿಕೆಯಾಗುತ್ತದೆ.

ಮುಂದಿನ ಎರಡು ವಾರ ಬರೀ ಮಾಡಬಾರದ್ದರ ಪಾಠ. ಅನ್ನದಲ್ಲಿ ಊಟದ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು, ಅದೂ ಸತ್ತವರಿಗೇ. ಹಿರಿಯರು ತುತ್ತು ಎತ್ತುವ ಮುಂಚೆ ಕೈ ಹಾಕಬಾರದು. ದೊಡ್ಡವರಿಗೆ ಏನನ್ನೂ ಒಂದು ಕೈಯಲ್ಲಿ ಕೊಡಬಾರದು. ಬಸ್ಸಿನಲ್ಲಿ ಫೋನ್ ಹಿಡಿದು ಕೂಗಬಾರದು, ಇದು ಅತ್ತೆಗೆ ಎಲ್ಲಕ್ಕಿಂತ ಕಷ್ಟವಾಯಿತು. ಪಟ್ಟಿ ಮುಗಿದ ದಿನ ಟೀಚರಮ್ಮ ತಲೆ ತಗ್ಗಿಸಿ, ಹಾಗಾದರೆ ತಾನು ಇಲ್ಲಿ ಎರಡು ವರ್ಷದಿಂದ ಏನೇನು ತಪ್ಪು ಮಾಡುತ್ತಿದ್ದೇನೆ ಎಂದು ಕೇಳಿದರು. ಅತ್ತೆ "ಏನಿಲ್ಲ, ಏನಿಲ್ಲ" ಎಂದರು. ನಾನು ಬಿಡಲಿಲ್ಲ. ಆಗ ಹೊರಬಿತ್ತು: ಟೀಚರಮ್ಮ ಪ್ರೀತಿಯಿಂದ ಕೆಳಗೆ ಕಳಿಸುತ್ತಿದ್ದ ಮಾಂಸದ ಅಡುಗೆ ಬಹಳ ಸಲ ಶನಿವಾರವೇ ಬರುತ್ತಿತ್ತು, ನಮ್ಮ ಮನೆಯಲ್ಲಿ ಅವತ್ತು ಮುಟ್ಟುವುದಿಲ್ಲ. ರುಚಿ ನೋಡಿದ ಚಮಚವನ್ನು ಅವರು ಅದೇ ಪಾತ್ರೆಗೆ ಹಾಕುವುದನ್ನೂ ಅತ್ತೆ ಕಂಡಿದ್ದರು. ಅದನ್ನೆಲ್ಲ ಬೀದಿ ಕೊನೆಯ ಮನೆಗೆ ದಾಟಿಸಿ, ಪಾತ್ರೆ ತೊಳೆದು, ಚೆನ್ನಾಗಿತ್ತು ಎಂದು ಸನ್ನೆ ಮಾಡಿ ವಾಪಸು ಕೊಡುತ್ತಿದ್ದರಂತೆ. ನನಗೂ ಗೊತ್ತಿರಲಿಲ್ಲ! ಟೀಚರಮ್ಮ ಮುಖ ಮುಚ್ಚಿಕೊಂಡು ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು.

ಬಾಣಂತನದ ವಿಷಯಕ್ಕೆ ಬಂದಾಗ ಮಾತ್ರ ಇಬ್ಬರಿಗೂ ನಾನು ಬೇಡವಾದೆ. ಅಲ್ಲೂ ಬಾಣಂತಿಗೆ ತಂಗಾಳಿ ಸೋಕಿಸುವುದಿಲ್ಲ, ಬೆಚ್ಚಗೆ ಹೊದಿಸಿ ಬಿಸಿಬಿಸಿ ಕೊಡುತ್ತಾರೆ, ಇಪ್ಪತ್ತೊಂದು ದಿನ ಹೊರಗಿನವರು ಒಳಗೆ ಬರುವಂತಿಲ್ಲ. ನಮ್ಮಲ್ಲಿ ಮೆಣಸು ಬೆಳ್ಳುಳ್ಳಿಯ ಸಾರಾದರೆ ಅಲ್ಲಿ ಸಮುದ್ರದ ಸೊಪ್ಪಿನ ಸಾರು. "ಅಂಗಾದ್ರೆ ಇವ್ರು ನಮ್ಮೋರೇ ಕಣಮ್ಮ" ಎಂದು ಅತ್ತೆ ತೀರ್ಮಾನ ಕೊಟ್ಟು ಆ ಸಾರನ್ನು ನಮ್ಮ ಒಲೆಯ ಮೇಲೂ ಮಾಡಿದರು. ಎರಡು ದಿನ ಮನೆಯೆಲ್ಲ ಮೀನು ಮಾರ್ಕೆಟ್ಟಾಗಿತ್ತು.

ಟೀಚರಮ್ಮನ ಕೊನೆಯ ಪರೀಕ್ಷೆ ಯಲಹಂಕದ ತರಕಾರಿ ಸಾಲಿನಲ್ಲಿ. ಬಸ್ಸು ಇಳಿದಾಗಿನಿಂದ ಮತ್ತೆ ಬಸ್ಸು ಹತ್ತುವವರೆಗೆ ಅತ್ತೆ ಒಂದೇ ಒಂದು ಕನ್ನಡ ಪದ ಆಡುವಂತಿಲ್ಲ. ಪರಭಾಷೆಯ ನಾಡಿನಲ್ಲಿ ನಿಲ್ಲುವ ಕಷ್ಟ ಇಲ್ಲೇ ಅಭ್ಯಾಸವಾಗಲಿ ಎಂದು. ಮೂವತ್ತೈದು ವರ್ಷ ಅದೇ ಸಾಲಿನಲ್ಲಿ ಚೌಕಾಸಿ ಮಾಡಿದ ಹೆಂಗಸು, ಸೊಪ್ಪಿನವಳ ಮುಂದೆ ನಿಂತು ಬೆರಳು ತೋರಿಸಿ, ತಲೆ ಬಾಗಿಸಿ, ಕೊರಿಯನ್‌ನಲ್ಲಿ ದಂಟು ಕೇಳಿದರು. ಸೊಪ್ಪಿನವಳು ಗಾಬರಿಯಾಗಿ ನನ್ನ ಮುಖ ನೋಡಿದಳು. "ಯಾಕಕ್ಕ, ಅಮ್ಮನಿಗೆ ಬಾಯ್ ಬಿದ್ದೋಯ್ತಾ? ಡಾಕ್ಟರ್‌ಗೆ ತೋರಿಸಿದ್ರಾ?" ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ಬೆವರುತ್ತಿದ್ದರು, ಕುತ್ತಿಗೆಯವರೆಗೂ ಕೆಂಪಾಗಿದ್ದರು. ಆದರೂ ಬಾಯಿಂದ ಒಂದು ಕನ್ನಡ ಪದ ಹೊರಬೀಳಲಿಲ್ಲ. ದಂಟು, ಮೂಲಂಗಿ, ಅರ್ಧ ಕೆಜಿ ಬದನೆಕಾಯಿ ತೆಗೆದುಕೊಂಡೇ ಬಂದರು. ಬಸ್ಸು ಹತ್ತಿ ಕೂತ ಮೇಲೆ, "ನಮ್ಮೂರಲ್ಲೇ ಇಷ್ಟು ಕಷ್ಟ ಆಯ್ತಲ್ಲಮ್ಮ, ಪಾಪ ಇವ್ರು ಎರಡು ವರ್ಷ ಎಂಗಿದ್ರೋ" ಎಂದು ಟೀಚರಮ್ಮನ ಕೈ ಹಿಡಿದುಕೊಂಡರು. ಕೊಡಿಗೇಹಳ್ಳಿ ಗೇಟ್ ಬರುವವರೆಗೂ ಬಿಡಲಿಲ್ಲ.

ಎಂಟನೇ ತಿಂಗಳಿನ ಒಂದು ಮಧ್ಯಾಹ್ನ ವಿಡಿಯೋ ಕರೆಯಲ್ಲಿ ನಾದಿನಿಯ ಪಕ್ಕ ಅವಳ ಪ್ರಯೋಗಾಲಯದ, ಕೊರಿಯಾದವರೇ ಆದ ಹಿರಿಯ ಹೆಂಗಸೊಬ್ಬರು ಕೂತಿದ್ದರು. ಅತ್ತೆ ಅಲ್ಲಿಯವರೆಗೆ ಮಗಳಿಗೆ ತಮ್ಮ ಪಾಠದ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಈಗ ತಲೆಬಾಗಿಸಿ ಕೊರಿಯನ್‌ನಲ್ಲಿ, ದೊಡ್ಡವರಿಗೆ ಹೇಳುವ ರೀತಿಯಲ್ಲಿ ನಮಸ್ಕಾರ ಹೇಳಿದರು, ಊಟವಾಯಿತೇ ಎಂದು ಕೇಳಿದರು, ನಮ್ಮ ಹುಡುಗಿಯನ್ನು ನೋಡಿಕೊಳ್ಳುತ್ತಿದ್ದೀರಿ, ನಿಮ್ಮ ಉಪಕಾರ ದೊಡ್ಡದು ಎಂದರು. ಆಕೆ ಚಪ್ಪಾಳೆ ತಟ್ಟಿ ಪಟಪಟನೆ ಏನೇನೋ ಮಾತಾಡಿದರು, ಅತ್ತೆ ಒಂದೊಂದಕ್ಕೂ ನಿಧಾನವಾಗಿ ಉತ್ತರ ಕೊಟ್ಟರು. ಅವರ ಮಾತು ಮುಗಿದ ಮೇಲೆ ನಾದಿನಿ, "ಟಿಕೆಟ್ ಬುಕ್ ಮಾಡ್ತೀನಮ್ಮ" ಎಂದಳು, ಅಷ್ಟೇ.

ಅತ್ತೆ ಹೊರಟ ದಿನ ಯಲಹಂಕ ದಾಟಿ ವಿಮಾನ ನಿಲ್ದಾಣ ಮುಟ್ಟುವವರೆಗೂ ಕಾರಿನಲ್ಲಿ ತಮಗೆ ತಾವೇ ಏನೋ ಗುನುಗುತ್ತಿದ್ದರು. ಟೀಚರಮ್ಮ ಪಕ್ಕದಲ್ಲಿ ಕೂತು ತಿದ್ದುತ್ತಿದ್ದರು. ಅತ್ತೆ ನನ್ನ ಕೈಗೆ ಮನೆಯ ಬೀಗದ ಕೈ ಗೊಂಚಲು ಕೊಟ್ಟು, ಹಿಂತಿರುಗಿ ನೋಡದೆ ಒಳಗೆ ನಡೆದರು.

ಹೆರಿಗೆ ಹೇಳಿದ ದಿನಕ್ಕಿಂತ ಎರಡು ವಾರ ಮುಂಚೆಯೇ ಆಯಿತು. ಅಳಿಯ ಅವತ್ತೂ ದೂರದ ಹೊಲದಲ್ಲಿದ್ದ. ಮೂರನೇ ದಿನ ಬೆಳಿಗ್ಗೆ ನಾದಿನಿ ಆಸ್ಪತ್ರೆಯಿಂದಲೇ ನನಗೆ ಫೋನ್ ಮಾಡಿದಳು. ಹೆಣ್ಣು ಮಗು, ಇಬ್ಬರೂ ಕ್ಷೇಮ ಎಂಬುದು ಗೊತ್ತಿತ್ತು. ಗೊತ್ತಿರದಿದ್ದದ್ದನ್ನು ಹೇಳಲು ಮಾಡಿದ್ದಳು.

"ಅತ್ತಿಗೆ, ನೋವು ಜೋರಾದಾಗ ನಂಗೆ ಕೊರಿಯನ್ ಒಂದ್ ಪದಾನೂ ಬರ್ಲಿಲ್ಲ. ನಾಲ್ಕು ವರ್ಷ ದಿನಾ ಮಾತಾಡಿದ ಭಾಷೆ! ನರ್ಸ್ ಕೇಳ್ತಾನೇ ಇದ್ರು, ನಾನು ಕನ್ನಡದಲ್ಲೇ ಕಿರುಚ್ತಿದ್ದೆ. ತಲೆ ಸಿಡೀತಿದೆ, ಕಣ್ಣು ಮಂಜಾಗ್ತಿದೆ, ಏನೂ ಕಾಣ್ತಿಲ್ಲ ಅಂತ. ಅವ್ರಿಗೆ ಹೇಗ್ ಅರ್ಥ ಆಗ್ಬೇಕು? ಅಮ್ಮ ಪಕ್ಕದಲ್ಲಿದ್ಲು. ನಾನು ಅಂದಿದ್ದನ್ನೆಲ್ಲ ಒಂದೊಂದಾಗಿ ಅವರ ಭಾಷೇಲಿ ಹೇಳಿದ್ಲು. ಕಣ್ಣು ಕಾಣ್ತಿಲ್ಲವಂತೆ ಅಂದಿದ್ದೇ ತಡ, ಡಾಕ್ಟರನ್ನ ಕರ್ಕೊಂಡು ಓಡ್ಬಂದ್ರು. ಬಿಪಿ ಏರ್ಬಿಟ್ಟಿತ್ತಂತೆ. ಆಮೇಲೆ ಆ ಡಾಕ್ಟರು, ನಿಮ್ಮಮ್ಮ ಹೇಳದೇ ಇದ್ದಿದ್ರೆ ಅಂದು ಅಷ್ಟಕ್ಕೇ ನಿಲ್ಲಿಸಿದ್ರು."

ಅವಳು ಅಳುತ್ತಿದ್ದಳು. ನಾನೂ ಅಳುತ್ತಿದ್ದೆ. ಫೋನನ್ನು ಅಮ್ಮನಿಗೆ ಕೊಡು ಎಂದೆ.

"ಅತ್ತೆ, ಅಂಥಾ ಹೊತ್ತಲ್ಲಿ ಅಷ್ಟೆಲ್ಲ ಕೊರಿಯನ್ ನಿಮಗೆ ಹೇಗೆ ನೆನಪಾಯ್ತು?"

"ಕೊರಿಯನ್‌ನಲ್ಲಿ ಏಳಿದ್ನಾ?" ಎಂದರು. "ನಂಗೊತ್ತೇ ಇಲ್ಲ ಕಣಮ್ಮ. ಕನ್ನಡದಲ್ಲೇ ಏಳ್ತಿದೀನಿ ಅಂದ್ಕೊಂಡಿದ್ದೆ."