ದುಖಾನಿನಲ್ಲಿ ಕುದುರಿದ ಸ್ಕಾಟಿಷ್ ಸಂಬಂಧ

ಕತಾರಿನ ದುಖಾನಿನಲ್ಲಿ, ಎಣ್ಣೆ ಕಂಪನಿಯ ಕ್ವಾರ್ಟರ್ಸಿನಲ್ಲಿ ನಮಗೆ ಸಿಕ್ಕಿದ ಮನೆ ಎರಡು ಸ್ಕಾಟಿಷ್ ಮನೆಗಳ ನಡುವೆ ಇತ್ತು. ಹೂದೋಟಕ್ಕೆ ಜಾಗವಿದ್ದ, ಅಡುಗೆಮನೆಗೆ ಒಳ್ಳೆಯ ಬೆಳಕಿದ್ದ ಅಂಥ ಮನೆ ಅಷ್ಟು ಸುಲಭಕ್ಕೆ ನಮ್ಮ ಪಾಲಿಗೆ ಬಂದಿತಲ್ಲ ಎಂದು ನನ್ನ ಗಂಡ ಬೀಗುತ್ತಿದ್ದರು. ಅದು ಯಾಕೆ ಖಾಲಿ ಬಿದ್ದಿತ್ತೆಂದು ಅವರ ಆಫೀಸಿನವರೊಬ್ಬರು ಆಮೇಲೆ ತಿಳಿಸಿದರು. ಎಡಮನೆಯವರಿಗೂ ಬಲಮನೆಯವರಿಗೂ ಮಾತುಕತೆ ಇರಲಿಲ್ಲ. ನಡುವಿನ ಮನೆಯಲ್ಲಿ ಯಾರೇ ಇರಲಿ, ಇಬ್ಬರ ದೂರನ್ನೂ ಅವರೇ ಕೇಳಬೇಕಿತ್ತು.

ಎಡಮನೆಯಲ್ಲಿದ್ದವಳು ಡ್ರಿಲ್ಲಿಂಗ್ ವಿಭಾಗದ ದೊಡ್ಡ ಅಧಿಕಾರಿಯ ಹೆಂಡತಿ. ನಾವು ನಮ್ಮೊಳಗೆ ಅವಳನ್ನು ದೊರೆಸಾನಿ ಎನ್ನುತ್ತಿದ್ದೆವು. ಗಂಡ ಮಾತು ಕಡಿಮೆಯ ಮನುಷ್ಯ; ರಿಗ್ಗಿನಲ್ಲಿ ಇರುವಷ್ಟು ಹೊತ್ತು ಮನೆಯಲ್ಲಿ ಇರುತ್ತಿರಲಿಲ್ಲ. ಬಲಮನೆಯಲ್ಲಿದ್ದವನು ಹಿಂದೆ ಸೈನ್ಯದಲ್ಲಿದ್ದು ಆಗ ಸೇಫ್ಟಿ ಆಫೀಸರ್ ಆಗಿದ್ದ ವಿಧುರ. ಎಲ್ಲರೂ ಅವನನ್ನು ಮೇಜರ್ ಎಂದೇ ಕರೆಯುತ್ತಿದ್ದರು. ದೊರೆಸಾನಿಯೂ ಮೇಜರನೂ ತಾವು ಒಬ್ಬನೇ ಅರ್ಲನ ವಂಶದವರು ಎನ್ನುತ್ತಿದ್ದರು. ಅರ್ಲ್ ಎಂದರೆ ಅವರ ದೇಶದಲ್ಲಿ ನಮ್ಮ ಹಳೆಯ ಅರಸು ಮನೆತನದವರ ಹಾಗೆ. ಜಗಳ ಇದ್ದದ್ದೂ ಅಲ್ಲಿಯೇ.

ಆ ಜಗಳದ ಕಥೆಯನ್ನು ನಾನು ಎರಡೂ ಬೇಲಿಗಳ ಮೇಲಿನಿಂದ ಕೇಳಿದ್ದೆ. ಹಲವು ತಲೆಮಾರುಗಳ ಹಿಂದೆ ಆ ಅರ್ಲನಿಗೆ ಇಬ್ಬರು ಗಂಡುಮಕ್ಕಳಿದ್ದರು. ಹಿರಿಯವನಿಗೆ ಒಂದು ಹುಡುಗಿ ಗೊತ್ತಾಗಿತ್ತು. ಮದುವೆಗೆ ಮುಂಚೆ ಕಿರಿಯವನು ಆ ಹುಡುಗಿಯನ್ನು ಕುದುರೆಯ ಮೇಲೆ ಕೂರಿಸಿಕೊಂಡು ಹೋಗಿ, ದಾರಿಯ ಒಂದು ಹೆಂಡದಂಗಡಿಯಲ್ಲಿ ಇಬ್ಬರು ಸಾಕ್ಷಿಗಳೆದುರು "ಇವಳು ನನ್ನ ಹೆಂಡತಿ" ಎಂದುಬಿಟ್ಟ. ಅವಳೂ "ಇವನು ನನ್ನ ಗಂಡ" ಎಂದಳು. ಆಗಿನ ಸ್ಕಾಟ್ಲೆಂಡಿನ ಕಾನೂನಿನಲ್ಲಿ ಮದುವೆಗೆ ಅಷ್ಟು ಸಾಕಿತ್ತಂತೆ. ಪಾದ್ರಿಯೂ ಬೇಡ, ಚರ್ಚೂ ಬೇಡ. ಹಿರಿಯವನ ಕಡೆಯವರು ಮಾತ್ರ ಅದನ್ನು ಮದುವೆ ಎಂದು ಒಪ್ಪಲೇ ಇಲ್ಲ. ದೊರೆಸಾನಿ ಹಿರಿಯವನ ಕಡೆಯವಳು, ಮೇಜರ್ ಕಿರಿಯವನ ಕಡೆಯವನು.

"ಅವನ ವಂಶ ಶುರುವಾದದ್ದೇ ಹೆಂಡದಂಗಡಿಯಲ್ಲಿ" ಎಂದು ದೊರೆಸಾನಿ ಎಡಬೇಲಿಯಿಂದ ಹೇಳುತ್ತಿದ್ದಳು.

"ನಿಶ್ಚಯವಾದ ಹುಡುಗಿಯೇ ಬಿಟ್ಟು ಓಡಿಹೋದವನ ಮನೆತನದವನು ನಾನಾಗಿದ್ದರೆ ಆ ವಿಷಯವನ್ನೇ ಎತ್ತುತ್ತಿರಲಿಲ್ಲ" ಎಂದು ಮೇಜರ್ ಬಲಬೇಲಿಯಿಂದ ಹೇಳುತ್ತಿದ್ದ.

ಆ ವರ್ಷ ಚಳಿಗಾಲಕ್ಕೆ ನನ್ನ ಅತ್ತೆ ಊರಿನಿಂದ ಬಂದರು. ನಮ್ಮದು ದಕ್ಷಿಣ ಕನ್ನಡದ ಅಳಿಯಕಟ್ಟಿನ ಕುಟುಂಬ. ತಾಯಿಯ ಕಡೆಯಿಂದ ಬರುವ ಕುಲಕ್ಕೆ ನಾವು ಬರಿ ಎನ್ನುತ್ತೇವೆ. ಒಂದೇ ಬರಿಯವರ ನಡುವೆ ಮದುವೆ ಇಲ್ಲ. ನಮ್ಮ ಸುತ್ತಿನ ಊರುಗಳಲ್ಲಿ ಯಾರ ಬರಿ ಯಾವುದು, ಯಾರ ಮನೆಯ ಹೆಣ್ಣು ಎಲ್ಲಿಗೆ ಹೋಗಿದೆ, ಯಾರ ಗಂಡು ಯಾಕೆ ಇನ್ನೂ ಉಳಿದಿದ್ದಾನೆ ಎಂಬುದೆಲ್ಲ ಅತ್ತೆಗೆ ಗೊತ್ತಿತ್ತು. ಅವರನ್ನು ಕೇಳದೆ ಅಲ್ಲಿ ಸಂಬಂಧ ಕುದುರುತ್ತಿರಲಿಲ್ಲ. ಅಂಥವರಿಗೆ ದುಖಾನಿನಲ್ಲಿ ಕಾಣಿಸುತ್ತಿದ್ದುದು ಮರಳು, ಪೈಪು, ಪೈಪಿನ ಆಚೆ ಇನ್ನಷ್ಟು ಮರಳು.

"ಇಲ್ಲಿ ಮನುಷ್ಯರೇ ಇಲ್ಲವಲ್ಲ ಮಾರಾಯ್ತಿ" ಎಂದು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದರು. ಅವರು ಮಾತಾಡುತ್ತಿದ್ದುದು ತುಳು; ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹೊತ್ತು ಹೋಗಲಿ ಎಂದು ಒಂದು ಸಂಜೆ ಅವರನ್ನು ದೊರೆಸಾನಿಯ ಮನೆಗೆ ಚಹಾಕ್ಕೆ ಕರೆದುಕೊಂಡು ಹೋದೆ. ಹಾಲಿನ ಗೋಡೆಗೆ ಬಟ್ಟೆಗೆ ಅಂಟಿಸಿದ ದೊಡ್ಡ ವಂಶವೃಕ್ಷ ತೂಗುತ್ತಿತ್ತು. ಬಂದವರಿಗೆಲ್ಲ ದೊರೆಸಾನಿ ಅದನ್ನು ಮೇಲಿನಿಂದ ಕೆಳಗಿನವರೆಗೆ ವಿವರಿಸದೆ ಬಿಸ್ಕತ್ತು ಕೊಡುತ್ತಿರಲಿಲ್ಲ. ಯಾವ ಅರ್ಲ್ ಯಾವ ಡ್ಯೂಕನ ಮಗಳನ್ನು ತಂದ, ಯಾರು ಸೋದರಸಂಬಂಧದಲ್ಲೇ ಮದುವೆಯಾದರು, ಯಾರು ಹೆಂಡತಿ ಸತ್ತ ವರ್ಷದೊಳಗೆ ಅವಳ ಕಡೆಯ ಜಮೀನಿನ ನೆರೆಯವಳನ್ನು ಕಟ್ಟಿಕೊಂಡ, ಎಲ್ಲವೂ ನನಗೆ ಬಾಯಿಪಾಠವಾಗಿತ್ತು. ನಾನು ಅನುವಾದ ಮಾಡುತ್ತ ಹೋದೆ. ಅತ್ತೆ ಕನ್ನಡಕ ಹಾಕಿಕೊಂಡು ಗೋಡೆಯ ಹತ್ತಿರ ಹೋಗಿ ನಿಂತರು. ಊರು ಬಿಟ್ಟ ಮೇಲೆ ಮೊದಲ ಸಲ ಅವರ ಮುಖದಲ್ಲಿ ಕಳೆ ಬಂದಿತ್ತು.

"ಇಲ್ಲಿ ಹುಡುಗಿಯರಿಂದ ಕೆಳಗೆ ಗೆರೆಯೇ ಇಲ್ಲವಲ್ಲ. ಎಲ್ಲ ಬಾವಿಗೆ ಬಿದ್ದರಾ ಹೇಗೆ, ಕೇಳು" ಎಂದರು.

"ಹೆಣ್ಣುಮಕ್ಕಳ ಸಂತಾನದ ಬಗ್ಗೆ ತಿಳಿಯುವ ಆಸೆಯಂತೆ" ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ.

ದೊರೆಸಾನಿಗೆ ಖುಷಿಯಾಯಿತು. ಇಂಗ್ಲೆಂಡಿನವರ ಹಾಗಲ್ಲ, ಸ್ಕಾಟ್ಲೆಂಡಿನಲ್ಲಿ ಕೆಲವು ಪದವಿಗಳು ಮಗಳಿಗೂ ಬರುತ್ತವೆ, ನಮ್ಮ ಮನೆಯಲ್ಲೇ ಒಬ್ಬಳು ಗಂಡನ ಹಂಗಿಲ್ಲದೆ ತಾನೇ ಕೌಂಟೆಸ್, ಅಂದರೆ ಹೆಣ್ಣು ಅರ್ಲ್, ಆಗಿದ್ದಳು ಎಂದು ಆ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದಳು.

"ಹಾಗಾದ್ರೆ ಪೂರ್ತಿ ಕೆಟ್ಟವರಲ್ಲ" ಎಂದರು ಅತ್ತೆ. "ತುಂಬ ಮೆಚ್ಚಿಕೊಂಡಿದ್ದಾರೆ" ಎಂದೆ ನಾನು.

ಆಮೇಲೆ ಅತ್ತೆ ಯಾರೂ ಕೇಳದ ಪ್ರಶ್ನೆ ಕೇಳಿದರು. "ಇದೆಲ್ಲ ಅಪ್ಪನ ಕಡೆಯಾಯ್ತು. ಇವಳ ಅಮ್ಮ ಯಾವ ಮನೆಯವಳು?"

ದೊರೆಸಾನಿ ಟೀ ಕಪ್ಪನ್ನು ಕೆಳಗಿಟ್ಟಳು. ಅವಳ ತಾಯಿ ಕಡಲತಡಿಯ ಮೀನು ವ್ಯಾಪಾರಿಯ ಮಗಳಂತೆ. ಅಜ್ಜಿ ಸ್ವತಃ ಪೀಪಾಯಿಗಳಲ್ಲಿ ಹೆರಿಂಗ್ ಮೀನಿಗೆ ಉಪ್ಪು ಹಾಕುತ್ತಿದ್ದಳಂತೆ. ಅದನ್ನು ಅವಳು ಹೇಳಿದ ರೀತಿ ನೋಡಿದರೆ ಆ ಅಜ್ಜಿಯ ಮಾತು ಆ ಹಾಲಿನಲ್ಲಿ ಅದುವರೆಗೆ ಬಂದೇ ಇರಲಿಲ್ಲ. ನಾನು ಅನುವಾದಿಸಿದ ಕೂಡಲೇ ಅತ್ತೆ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. ಒಣಮೀನಿಗೆ ಉಪ್ಪು ಎಷ್ಟು, ಹೊಟ್ಟೆ ಸೀಳುವುದು ಹೇಗೆ, ಪೀಪಾಯಿಗೆ ಎಷ್ಟು ಪದರ ಎಂದು ಇಬ್ಬರೂ ಕೈಸನ್ನೆಯಲ್ಲೇ ಮಾತಾಡತೊಡಗಿದರು. ನನಗೆ ಕೆಲಸವೇ ಉಳಿಯಲಿಲ್ಲ. ಅಂದಿನಿಂದ ಅತ್ತೆ ಎಡಮನೆಗೆ ನನ್ನನ್ನು ಕೇಳದೆ ಹೋಗಿಬರಲು ಶುರುಮಾಡಿದರು.

ಬಲಮನೆಯ ಪರಿಚಯವಾದದ್ದು ಲಂಗದ ದೆಸೆಯಿಂದ. ಸ್ಕಾಟಿಷರ ವಾರ್ಷಿಕ ಔತಣಕ್ಕೆ ಹೊರಟ ಮೇಜರ್, ಅವರ ಗಂಡಸರು ಹಬ್ಬಕ್ಕೆ ಉಡುವ ಚೌಕುಳಿಯ ನೆರಿಗೆ ಲಂಗ ಉಟ್ಟು ಕಾರಿನ ಹತ್ತಿರ ನಿಂತಿದ್ದ. ಅತ್ತೆ ಗೇಟು ದಾಟಿ ಹೋಗಿ ಬಟ್ಟೆಯನ್ನು ಬೆರಳಲ್ಲಿ ಹಿಡಿದು ನೋಡಿ, "ಒಳ್ಳೆ ದಪ್ಪ ಉಂಟು. ನೆರಿಗೆ ಯಾರು ಹಿಡಿಯುವುದು?" ಎಂದು ಕೇಳಿದರು. ನಾನು ಹಿಂದಿನಿಂದ ಓಡಿಹೋಗಿ ಅನುವಾದಿಸಿದೆ. ಹೆಂಡತಿ ಇದ್ದಾಗ ಅವಳು ಹಿಡಿಯುತ್ತಿದ್ದಳು, ಈಗ ಮಗಳು ದೋಹಾದಿಂದ ಬಂದು ಇಸ್ತ್ರಿ ಮಾಡಿಕೊಡುತ್ತಾಳೆ ಎಂದ. ಮಗಳು ಶಾಲೆಯಲ್ಲಿ ಟೀಚರ್. ಮದುವೆ ಆಗಿಲ್ಲ.

ಅಷ್ಟು ಸಾಕಾಯಿತು. ಯಾಕೆಂದರೆ ದೊರೆಸಾನಿಗೆ ಒಬ್ಬ ಮಗನಿದ್ದ. ರಾಸ್ ಲಫಾನಿನ ಗ್ಯಾಸ್ ಕಾರ್ಖಾನೆಯಲ್ಲಿ ಇಂಜಿನಿಯರ್, ಹತ್ತಿರದ ಅಲ್ ಖೋರ್ ಪೇಟೆಯಲ್ಲಿ ವಾಸ. ಅವನಿಗೂ ಮದುವೆ ಆಗಿರಲಿಲ್ಲ.

ಆ ದಿನ ಊಟಕ್ಕೆ ಕುಳಿತಾಗ ಅತ್ತೆ ತಮ್ಮ ತೀರ್ಮಾನ ಹೇಳಿದರು. "ಹುಡುಗನದ್ದು ಉಪ್ಪುಮೀನಿನ ಬರಿ. ಹುಡುಗಿಯ ಅಮ್ಮ ಗುಡ್ಡೆ ಮೇಲೆ ಕುರಿ ಸಾಕುವವರ ಮನೆಯವಳು, ನಾನು ಕೇಳಿ ಆಯ್ತು. ಬರಿ ಬೇರೆ ಬೇರೆ. ಎಂತ ತೊಂದರೆಯೂ ಇಲ್ಲ."

"ಇಬ್ಬರೂ ಒಂದೇ ಅರ್ಲನ ವಂಶ ಅಲ್ವಾ ಅತ್ತೆ?"

"ಅದು ಗಂಡಸರ ಕಡೆಯಿಂದ. ಲೆಕ್ಕಕ್ಕಿಲ್ಲ. ಮತ್ತೆ, ನೀನು ಹೇಳಿದ ಆ ಕಥೆಯಲ್ಲಿ ಒಂದು ಹೆಣ್ಣು ಬಾಕಿ ಉಂಟಲ್ಲ. ಅಣ್ಣನ ಮನೆಗೆ ಹೋಗಬೇಕಾದವಳು ಅವತ್ತು ತಮ್ಮನ ಮನೆಗೆ ಹೋದಳು. ಈಗ ತಮ್ಮನ ಮನೆಯಿಂದ ಒಂದು ಹೆಣ್ಣು ಅಣ್ಣನ ಮನೆಗೆ ಬರಲಿ. ಖಲಾಸ್." ಖಲಾಸ್ ಎಂಬ ಮಾತನ್ನು ಅವರು ತರಕಾರಿ ಅಂಗಡಿಯಲ್ಲಿ ಕಲಿತಿದ್ದರು.

ನನ್ನ ಗಂಡ ತಟ್ಟೆಯಿಂದ ತಲೆ ಎತ್ತಿದರು. "ಅಮ್ಮ, ಇದು ಊರಲ್ಲ. ಆ ಎರಡೂ ಮನೆಯವರು ಆಫೀಸಲ್ಲಿ ನನ್ನ ಸೀನಿಯರ್ಸ್. ಸಂಬಂಧ ಗಿಂಬಂಧ ಮಾಫಿ. ಗೊತ್ತಾಯ್ತಾ?" ಮಾಫಿ ಎಂದರೆ ಅಲ್ಲಿನ ಅರಬಿಯಲ್ಲಿ ಇಲ್ಲ ಎಂದು.

"ಗೊತ್ತಾಯ್ತು" ಎಂದರು ಅತ್ತೆ. ಬಂದ ಶುಕ್ರವಾರ ಎರಡೂ ಮನೆಯವರನ್ನು, ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ, ಮಕ್ಕಳ ಸಮೇತ ಮಧ್ಯಾಹ್ನದ ಊಟಕ್ಕೆ ಕರೆದರು. ಕರೆದದ್ದು ಅವರು, ಎರಡೂ ಕಡೆ ಹೋಗಿ ಇಂಗ್ಲಿಷಿನಲ್ಲಿ ಹೇಳಿದವಳು ನಾನು. ತಡೆಯಬಹುದಿತ್ತು. ಆದರೆ ಏನಾಗುತ್ತದೆ ಎಂದು ನೋಡುವ ಆಸೆ ನನಗೂ ಇತ್ತು.

ದೊರೆಸಾನಿ ಮಗನೊಂದಿಗೆ ಮೊದಲು ಬಂದಳು. ಗಂಡ ಎಂದಿನಂತೆ ರಿಗ್ಗಿನಲ್ಲಿದ್ದ. ಹಿಂದೆಯೇ ಮೇಜರ್ ಮಗಳೊಂದಿಗೆ ಬಾಗಿಲಲ್ಲಿ ಕಾಣಿಸಿಕೊಂಡ. ವಾಪಸ್ಸು ಹೋಗುವುದು ಮರ್ಯಾದೆಯಲ್ಲ ಎಂಬುದು ಇಬ್ಬರಿಗೂ ಗೊತ್ತಿದ್ದುದರಿಂದ ಸೋಫಾದ ಎರಡು ತುದಿಗಳಲ್ಲಿ ಕುಳಿತರು. ನಡುವೆ ಅತ್ತೆ ಕುಳಿತರು. ನನ್ನ ಗಂಡ ಏರ್ ಕಂಡೀಷನರ್ ಸರಿಮಾಡುವ ನೆವದಲ್ಲಿ ಮೂಲೆ ಸೇರಿದರು. ಹುಡುಗನೂ ಹುಡುಗಿಯೂ ಎದ್ದು ನಿಂತು ಕೈಕುಲುಕಿದರು.

"ನಾವು ಹಿಂದೆ ಭೇಟಿಯಾಗಿದ್ದೇವೆಯೇ?" ಎಂದು ಅವನು ಕೇಳಿದ.

"ನನಗೆ ಹಾಗನ್ನಿಸುವುದಿಲ್ಲ" ಎಂದಳು ಅವಳು.

ನೀರುದೋಸೆ, ಕೋಳಿ ಗಸಿ ಮಾಡಿದ್ದೆ. ಹಿರಿಯರಿಬ್ಬರಿಗೂ ಫೋರ್ಕು ಇಟ್ಟೆ. ಹುಡುಗಿ ಫೋರ್ಕನ್ನು ಮುಟ್ಟಲಿಲ್ಲ. ದೋಸೆಯನ್ನು ಒಂದೇ ಕೈಯಲ್ಲಿ ಹರಿದು, ಮಡಚಿ, ಅದ್ದಿ ತಿಂದಳು. ಹುಡುಗ ತಟ್ಟೆ ಮುಂದೆ ಮಾಡಿ, "ಇನ್ನು ಸ್ವಲ್ಪ ಗಸಿ" ಎಂದ. ನಾನು ಬಡಿಸುವಾಗ ಅವರಿಗೆ ಚಿಕನ್ ಕರಿ ಎಂದಷ್ಟೇ ಹೇಳಿದ್ದೆ. ಸೌಟು ಹಿಡಿದುಕೊಂಡು ಅವನ ಮುಖ ನೋಡಿದೆ. ಅವನು ತಟ್ಟೆ ನೋಡಿದ.

ಎಲ್ಲರ ಬಾಯಿ ತುಂಬಿದ್ದ ಹೊತ್ತು ನೋಡಿ ಅತ್ತೆ ನನಗೆ, "ಈಗ ಹೇಳು" ಎಂದರು.

ಹೇಳಿದೆ. ಮೇಜರನ ಮನೆಯಿಂದ ದೊರೆಸಾನಿಯ ಮನೆಗೆ ಹಲವು ತಲೆಮಾರಿನಿಂದ ಒಂದು ಹೆಣ್ಣು ಬಾಕಿ ಇದೆ ಎಂದು ಅತ್ತೆಯವರ ಅಭಿಪ್ರಾಯ, ಅದನ್ನು ತೀರಿಸಲು ಇದು ಸರಿಯಾದ ಸಮಯವಂತೆ ಎಂದೆ. ನನ್ನ ಗಂಡ ಮೂಲೆಯಲ್ಲಿ ಕಣ್ಣು ಮುಚ್ಚಿಕೊಂಡರು.

ದೊರೆಸಾನಿ ಫೋರ್ಕು ಇಳಿಸಿ, ಗೋಡೆಯನ್ನು ನೋಡುತ್ತ, "ಅದು ಮದುವೆಯೇ ಆಗಿರಲಿಲ್ಲ" ಎಂದಳು.

"ಇಬ್ಬರು ಸಾಕ್ಷಿಗಳಿದ್ದರು" ಎಂದು ಮೇಜರ್ ಎದುರು ಗೋಡೆಗೆ ಹೇಳಿದ.

"ಕುಡಿದಿದ್ದರು."

"ಕುಡಿದವರು ಸಾಕ್ಷಿ ಹೇಳಬಾರದೆಂದು ಸ್ಕಾಟ್ಲೆಂಡಿನಲ್ಲಿ ಕಾನೂನು ಮಾಡಿದ್ದರೆ ಒಂದು ಕೋರ್ಟೂ ನಡೆಯುತ್ತಿರಲಿಲ್ಲ."

ಅತ್ತೆ ನನ್ನ ಸೊಂಟ ತಿವಿದು ಏನೆಂದು ಕೇಳಿದರು. ತಿಳಿಸಿದೆ. ಅವರು ಸಾವಕಾಶವಾಗಿ ದೋಸೆ ನುಂಗಿ ಹೇಳಿದರು. "ಮದುವೆ ಆಗಲೇ ಇಲ್ಲ ಅಂದ್ರೆ ಆ ಹುಡುಗಿ ಕಡೆವರೆಗೂ ಅಣ್ಣನಿಗೆ ಗೊತ್ತಾದವಳೇ. ಅವಳ ಮಕ್ಕಳು ಅಣ್ಣನ ಮನೆಯವರೇ. ಆಗ ಈ ಮೇಜರ್ ಇವಳ ಸ್ವಂತ ಮನೆಯವ. ಮದುವೆ ಆಗಿದೆ ಅಂದ್ರೆ ಜಗಳವೇ ಇಲ್ಲ. ಮತ್ತೆ ಎಂತಕ್ಕೆ ಮುಖ ತಿರುಗಿಸಿ ಕೂತಿದ್ದಾರೆ?"

ಅದನ್ನು ಇಂಗ್ಲಿಷಿಗೆ ತರಲು ನನಗೆ ಬೆವರಿಳಿಯಿತು. ಕೇಳಿ ಮುಗಿಸಿದ ದೊರೆಸಾನಿ ಮೊದಲ ಸಲ ಮೇಜರನ ಕಡೆ ತಿರುಗಿದಳು. "ಹಾಗೆ ಆಗುವುದಿಲ್ಲ, ಅಲ್ಲವೇ?" ಎಂದಳು.

"ಖಂಡಿತ ಆಗುವುದಿಲ್ಲ" ಎಂದ ಅವನು.

ಅತ್ತೆಯ ಲೆಕ್ಕ ತಪ್ಪು ಎಂಬಲ್ಲಿ ಇಬ್ಬರಿಗೂ ಪೂರ್ಣ ಒಮ್ಮತ ಇತ್ತು. ಯಾಕೆ ತಪ್ಪು ಎಂದು ಅವಳು ಒಂದು ಕಾರಣ ಹೇಳಿದಳು, ಅವನು ಇನ್ನೊಂದು ಹೇಳಿದ. ಪಾಯಸ ಬರುವಷ್ಟರಲ್ಲಿ ಮಾತು ವಂಶವೃಕ್ಷಕ್ಕೆ ಹೋಗಿತ್ತು. ಮೇಜರ್ ಅದನ್ನು ಕಂಡಿರಲೇ ಇಲ್ಲ. "ಬಂದು ನೋಡು ಹಾಗಾದರೆ" ಎಂದು ಅವಳು ಎದ್ದಳು. ಅವನೂ ಎದ್ದ. ತಮಗೆ ಒಂದಕ್ಷರ ಇಂಗ್ಲಿಷ್ ಬಾರದಿದ್ದರೂ ಅತ್ತೆ ಇಬ್ಬರ ಹಿಂದೆಯೇ ಹೊರಟರು. ನಾನು ಬಟ್ಟಲು ತರಲು ಹೋಗಿ ಹಿಂತಿರುಗಿದಾಗ ಹುಡುಗ ಹುಡುಗಿ ಸೋಫಾದಲ್ಲಿ ಕುಳಿತು, ಬಾಯಿಗೆ ಕರ್ಚೀಫು ಒತ್ತಿಕೊಂಡು ನಗುತ್ತಿದ್ದರು.

ಕೆಲವೇ ವಾರಗಳಲ್ಲಿ ಮದುವೆಯ ಸುದ್ದಿ ಬಂತು. ಅತ್ತೆ ಅದನ್ನು ತೀರ ಮಾಮೂಲಿನಂತೆ ಸ್ವೀಕರಿಸಿದರು. ಮದುಮಗಳಿಗೆ ಸೀರೆ ಕೊಡಬೇಕೆಂದು ಹಟ ಹಿಡಿದುದರಿಂದ ನಾವು ದೋಹಾಕ್ಕೆ ಹೋದೆವು. ದೋಹಾ ಅಲ್ ಜದೀದಾದಲ್ಲಿ ನಮ್ಮ ಬಂಟ್ವಾಳದ ಕಡೆಯ ಬ್ಯಾರಿಯೊಬ್ಬರ ಸಣ್ಣ ಹೋಟೆಲಿತ್ತು. ಪೇಟೆಗೆ ಹೋದಾಗಲೆಲ್ಲ ನಮ್ಮ ಊಟ ಅಲ್ಲಿಯೇ. ಅತ್ತೆ ಕೂತ ತಕ್ಷಣ ಅಲ್ ಖೋರಿನ ಬಿಳಿ ಹುಡುಗನಿಗೂ ಕೆಂಪುಕೂದಲಿನ ಟೀಚರಿಗೂ ತಾವು ಸಂಬಂಧ ಕುದುರಿಸಿದ ಕಥೆಯನ್ನು ಅವರಿಗೆ ಪೂರ್ತಿ ಹೇಳಿ, ಕೈತೊಳೆಯಲು ಎದ್ದುಹೋದರು.

ಹೋಟೆಲಿನವರು ನನ್ನ ಹತ್ತಿರ ಬಗ್ಗಿದರು. "ಅಕ್ಕ, ಕೆಂಪುಕೂದಲಿನ ಟೀಚರಾ? ಕನ್ನಡಕದ ಉದ್ದ ಹುಡುಗ?"

"ಹೌದು. ಯಾಕೆ?"

"ಅವರು ಹೋದ ವರ್ಷದಿಂದ ಇಲ್ಲಿಗೆ ಬರ್ತಾ ಇದ್ದಾರೆ. ಗುರುವಾರ ಆದ್ರೆ ಆ ಮೂಲೆ ಟೇಬಲ್. ಅವರ ಜನ ಇಲ್ಲಿಗೆ ಬರುದಿಲ್ಲ ಅಲ್ವಾ, ಹಾಗೆ. ಗಸಿ ಅಂತ ಹೇಳ್ಲಿಕ್ಕೆ ನಾನೇ ಕಲಿಸಿದ್ದು."

ಅತ್ತೆ ವಾಪಸ್ಸು ಬರುತ್ತಿದ್ದರು. ನಾನು ಹೋಟೆಲಿನವರಿಗೆ ಬೇಡ ಎಂದು ಕಣ್ಸನ್ನೆ ಮಾಡಿದೆ. "ನಾನು ಎಂತದ್ದೂ ಹೇಳ್ಲಿಲ್ಲ" ಎಂದು ಅವರು ಮೆಲ್ಲಗೆ ಹೇಳಿ, ಆಮೇಲೆ ದನಿ ಏರಿಸಿ, "ಅಮ್ಮ, ಇಂಥ ಕೆಲಸ ನಿಮ್ಮಿಂದ ಮಾತ್ರ ಆಗುವಂಥದ್ದು" ಎಂದರು. ಅತ್ತೆ ಒಂದು ಮೀನು ಜಾಸ್ತಿ ತಿಂದರು.

ಸೀರೆ ಕೊಡಲು ಹೋದಾಗ ಹುಡುಗಿಯನ್ನು ಒಬ್ಬಳೇ ಸಿಗುವಂತೆ ನೋಡಿಕೊಂಡು, ಆ ಹೋಟೆಲಿನ ಊಟ ಹೇಗೆ ಎಂದು ಕೇಳಿದೆ. ಅವಳ ಕಿವಿ ಕೂದಲಿಗಿಂತ ಕೆಂಪಾಯಿತು. ಮನೆಯವರಿಗೆ ಹೇಗೆ ಹೇಳುವುದೆಂದು ತಿಳಿಯದೆ ಅವರು ಒದ್ದಾಡುತ್ತಿದ್ದರಂತೆ. ನಮ್ಮ ಊಟದ ಕರೆ ಬಂದಾಗ ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡು, ಎರಡೂ ಮನೆಗೆ ಕರೆ ಹೋಗಿದೆ ಎಂದಾಗ ಅತ್ತೆಯ ಉದ್ದೇಶ ಊಹಿಸಿ, ತಾವು ಬಾಯಿ ಬಿಡುವುದು ಬೇಡ, ಆ ಕೆಲಸ ಅತ್ತೆಯೇ ಮಾಡಲಿ ಎಂದು ತೀರ್ಮಾನಿಸಿದರಂತೆ. "ನನ್ನ ಅಪ್ಪ ನಾನು ಹೇಳಿದ್ದರೆ ವರ್ಷಗಟ್ಟಲೆ ವಾದಿಸುತ್ತಿದ್ದರು. ನಿಮ್ಮ ಅತ್ತೆಯ ಜೊತೆ ವಾದಿಸಲು ಭಾಷೆಯೇ ಇರಲಿಲ್ಲ" ಎಂದಳು.

ಅತ್ತೆಗೆ ನಾನು ಹೇಳಲಿಲ್ಲ. ಗಂಡನಿಗೆ ಹೇಳಿದೆ. ಅವರು ಬಿದ್ದುಬಿದ್ದು ನಕ್ಕು, ಆಮೇಲೆ ಗಂಭೀರವಾಗಿ, "ಅಮ್ಮನಿಗೆ ಗೊತ್ತಾದರೆ ನಮ್ಮಿಬ್ಬರನ್ನೂ ಬಿಡುವುದಿಲ್ಲ" ಎಂದರು.

ಮದುವೆ ಬೇಸಗೆಯಲ್ಲಿ ಸ್ಕಾಟ್ಲೆಂಡಿನಲ್ಲಿ ನಡೆಯಿತು. ಅಷ್ಟರಲ್ಲಿ ಅತ್ತೆ ಊರಿಗೆ ಹೋಗಿದ್ದರು. ಅರ್ಲನ ಮನೆಗೆ ಹೆಣ್ಣು ಕೊಡಿಸಿದವರು ಎಂಬ ಹೆಸರಿನಿಂದ ಅಲ್ಲಿ ಅವರ ವ್ಯವಹಾರ ಇನ್ನಷ್ಟು ಹಬ್ಬಿತು. ದೊರೆಸಾನಿ ವಂಶವೃಕ್ಷವನ್ನು ಹೊಸದಾಗಿ ಬರೆಸಿದಳು. ಕಿರಿಯ ಮಗನ ಹೆಸರಿನ ಕೆಳಗೆ ಗೆರೆಗಳು ಇಳಿದವು. ಆ ಹೆಂಡದಂಗಡಿ ಮದುವೆಯ ಪಕ್ಕದಲ್ಲಿ "ಬಾಯಿಮಾತಿನ ಘೋಷಣೆಯಿಂದ" ಎಂದು ಸಣ್ಣ ಅಕ್ಷರದಲ್ಲಿ ಬರೆಯಲೇಬೇಕೆಂದು ಅವಳು, ಸಣ್ಣ ಅಕ್ಷರ ಯಾಕೆ ಎಂದು ಮೇಜರ್, ಇಬ್ಬರೂ ನಮ್ಮ ಬೇಲಿಗಳನ್ನು ಬಿಟ್ಟು ಈಗ ನಮ್ಮ ಹಾಲಿನಲ್ಲೇ ಕುಳಿತು ವಾದಿಸುತ್ತಿದ್ದರು. ನಾನು ಚಹಾ ಮಾಡಿ ಮಾಡಿ ಸೋತೆ.

ರಜೆಗೆ ಊರಿಗೆ ಹೋದಾಗ ಮದುವೆಯ ಫೋಟೋಗಳನ್ನು ಅತ್ತೆಗೆ ಕೊಟ್ಟೆ. ಅವರು ಮದುಮಕ್ಕಳನ್ನು ಒಂದು ಕ್ಷಣ ನೋಡಿ ಬದಿಗಿಟ್ಟರು. ಗುಂಪಿನ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮದುಮಗಳ ಪಕ್ಕ ನಿಂತಿದ್ದ ನೀಲಿ ಗೌನಿನ ಹುಡುಗಿಯ ಮೇಲೆ ಬೆರಳಿಟ್ಟು, "ಇವಳು ಯಾರ ಪೈಕಿ?" ಎಂದು ಕೇಳಿದರು.