ನಾಲ್ಕನೆಯ ಭಾಗದಿಂದ ಶುರು

ಕಳೆದ ವಾರ ಸಾಂಗ್ಲಿಯಲ್ಲಿ ಒಂದು ಚೈನೀಸ್ ಗಾಡಿಯ ಮುಂದೆ ನಿಂತಿದ್ದೆ. ಗಾಡಿಯವನು ಬಾಣಲೆಗೆ ವಿನೆಗರ್ ಸುರಿದ. ಆ ಹುಳಿ ವಾಸನೆಗೆ, ನಾನು ಹಿಂದೆ ರೋಗಿಯಾಗಿ ಹೋಗುತ್ತಿದ್ದ ಮಿರಜದ ಡಯಾಲಿಸಿಸ್ ಕೋಣೆ ನೆನಪಾಯಿತು. ಅಲ್ಲಿ ಯಂತ್ರ ತೊಳೆಯುವ ದ್ರಾವಣಕ್ಕೂ ಇದೇ ವಾಸನೆಯಿತ್ತು. ಅದರ ಹಿಂದೆಯೇ ಪಕ್ಕದ ಹಾಸಿಗೆಯ ಮಾವಶಿ, ಮರಾಠಿ ರೂಢಿಯಂತೆ ನಾನು ಚಿಕ್ಕಮ್ಮ ಎಂದು ಕರೆಯುತ್ತಿದ್ದ ಹಿರಿಯ ಹೆಂಗಸು…

ಅವರು ಸಲಗರೆ ಎಂಬ ಊರಿನವರು, ಕುರಿ ಸಾಕುವ ಮನೆತನ. ದಿನ ಬಿಟ್ಟು ದಿನ ಬಸ್ಸಿನಲ್ಲಿ ಬರಬೇಕಿತ್ತು, ಆಗಾಗ ತಪ್ಪಿಸುತ್ತಿದ್ದರು. ನರ್ಸ್ ಬೈದರೆ, “ಸುಮ್ನ ಮಲ್ಕೊಂಡು ಫ್ಯಾನ್ ನೋಡಾಕ ಇಷ್ಟು ದೂರ ಬರಬೇಕೇನವಾ?” ಅನ್ನುತ್ತಿದ್ದರು. ತಪ್ಪಿಸಿ ಬಂದ ದಿನ ಮುಖ ಊದಿ, ಉಸಿರು ಸಿಕ್ಕಿಕೊಳ್ಳುತ್ತಿತ್ತು.

ನಾನು ಕೈಯಲ್ಲಿ ಹಿಡಿದು ಆಡುವ ಗೇಮ್ ಒಂದನ್ನು ಜೊತೆಗೆ ಒಯ್ಯುತ್ತಿದ್ದೆ. ಅದರಲ್ಲಿ ಒಂದೇ ಸರಣಿಯ ಹಲವು ಭಾಗಗಳಿದ್ದವು. ನಾಯಕನೊಬ್ಬನ ಪಾತ್ರ ವಹಿಸಿಕೊಂಡು, ಸಂಗಡಿಗರನ್ನು ಕೂಡಿಸಿಕೊಂಡು ಊರೂರು ಅಲೆಯುವ, ಕಾದಾಡುವ ಆಟ. ಒಂದು ಭಾಗ ಮುಗಿಸಲು ತಿಂಗಳುಗಳೇ ಹಿಡಿಯುತ್ತವೆ. ಒಂದು ದಿನ ಮಾವಶಿ ಕತ್ತು ಹೊರಳಿಸಿ ನೋಡಿದರು.

“ತಮ್ಮಾ, ಆ ಕುರಿ ಯಾರ್ವು?”

ಯಾರವೂ ಅಲ್ಲ, ಆಟದವು ಎಂದೆ. “ನನಗೂ ಕಲಸು,” ಎಂದರು.

ಮೊದಲ ಭಾಗದಿಂದಲೇ ಶುರುಮಾಡಬೇಕು, ಇಲ್ಲದಿದ್ದರೆ ಕಥೆ ತಿಳಿಯದು ಎಂಬುದು ನನ್ನ ನಂಬಿಕೆಯಾಗಿತ್ತು. ಅದನ್ನೇ ಹಾಕಿಕೊಟ್ಟೆ. ಆದರೆ ಅವರ ಎಡಗೈಗೆ ಸೂಜಿಗಳಿದ್ದವು, ಅಲುಗಿಸುವಂತಿರಲಿಲ್ಲ. ಉಳಿದದ್ದು ಬಲಗೈ ಒಂದೇ, ಆಟದ ವೈರಿಯೋ ಕಾಯದೆ ಮೇಲೆರಗುತ್ತಿತ್ತು.

“ಇದು ಆಗೂದಿಲ್ಲ ತಮ್ಮಾ. ನಾ ಕೈ ಎತ್ತೂದರಾಗ ಅದು ಕಡದು ಹೋಗಿರತೈತಿ.”

ಎಲ್ಲಕ್ಕಿಂತ ಹೊಸ ಭಾಗ ಕೊಟ್ಟೆ. ಚಿತ್ರಗಳು ಚೆಂದವಿದ್ದವು, ಆದರೆ ಆಯುಧಗಳ ಪಟ್ಟಿಗಳನ್ನು ನೋಡಿಯೇ ಅವರು ಬದಿಗಿಟ್ಟರು. ಆಮೇಲೆ ಮನೆಯಲ್ಲಿ ಕೂತು ಯೋಚಿಸಿದೆ. ಕಥೆ ಎಲ್ಲಿ ಶುರುವಾಗುತ್ತದೆ ಎಂದಲ್ಲ, ಇವರು ಎಲ್ಲಿಂದ ಶುರುಮಾಡಬಹುದು ಎಂದು. ನಾಲ್ಕನೆಯ ಭಾಗದಲ್ಲಿ ಕಾಳಗ ಸರದಿಯ ಮೇಲೆ ನಡೆಯುತ್ತದೆ. ನಾವು ಗುಂಡಿ ಒತ್ತುವವರೆಗೂ ವೈರಿ ಕದಲುವುದಿಲ್ಲ.

“ನೀವು ಚಹಾ ಕುಡದು ಬಂದ್ರೂ ನಿಂತಿರತೈತ್ರಿ,” ಎಂದೆ.

“ನಮಗೆಲ್ಲಿ ಚಹಾನೋ!” ಎಂದು ನಕ್ಕರು. ಕಿಡ್ನಿ ಕೆಟ್ಟ ನಮ್ಮೆಲ್ಲರಿಗೂ ಕುಡಿಯುವ ನೀರೂ ಅಳತೆಯದೇ. “ಆದ್ರೂ ಕಾಯತಾವು ಅಂದ್ರ ಛಲೋ ಅದಾವ.”

ಹೊಟ್ಟೆಯ ಮೇಲೆ ದಿಂಬಿಟ್ಟು, ಅದರ ಮೇಲೆ ಆಟವನ್ನಿಟ್ಟುಕೊಂಡು ಒಂದೇ ಕೈಯಲ್ಲಿ ಆಡಿದರು. ತೆರೆಯ ಮೇಲಿನ ಇಂಗ್ಲಿಷ್ ಮಾತುಗಳನ್ನು ನಾನು ಹೇಳಬೇಕಿತ್ತು. ನಮ್ಮ ಮನೆಯಲ್ಲಿ ಕನ್ನಡವೇ, ಆದರೆ ನನಗೆ ತಿಳಿಯುತ್ತಿದ್ದಷ್ಟು ಮಾತಾಡಲು ಬರುತ್ತಿರಲಿಲ್ಲ. ಮರಾಠಿಗೆ ಹೊರಳಿದರೆ ತಡೆಯುತ್ತಿದ್ದರು. “ಕನ್ನಡದಾಗ ಹೇಳೋ. ರಾಜಾ ಸಿಟ್ಟಿಗೆದ್ದಾನ, ನೀ ಮೆತ್ತಗ ಓದಾಕತ್ತಿ.” ಕುರಿಗಳ ಹುಲ್ಲುಗಾವಲಿಗೆ ಬಂದಾಗ ಹಲವು ದಿನ ಅಲ್ಲಿಯೇ ಉಳಿದರು. ಅವು ಮೇಯುವುದಿಲ್ಲ ಎಂಬುದು ಅವರಿಗೆ ಸರಿಬರಲಿಲ್ಲ. ಡಯಾಲಿಸಿಸ್ ಮಾತ್ರ ಈಗ ತಪ್ಪಿಸುತ್ತಿರಲಿಲ್ಲ.

ಆಟದ ಕೊನೆಯ ಕಾಳಗ ಹತ್ತಿರವಿದ್ದಾಗ ನನ್ನ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಯಿತು. ಅವ್ವ ತನ್ನದೊಂದು ಕಿಡ್ನಿ ಕೊಡುವವಳಿದ್ದಳು. ಪುಣೆಗೆ ಹೊರಡುವ ಮೊದಲು ಆಟವನ್ನು ಮಾವಶಿಯ ಹತ್ತಿರವೇ ಬಿಟ್ಟೆ.

“ನೀ ಇಲ್ದ ಯಾರು ಓದಿ ಹೇಳತಾರ?”

“ಬಂದ ಮ್ಯಾಲ ಓದತೇನ್ರಿ,” ಎಂದೆ.

ಸೋಂಕಿನ ಭಯಕ್ಕೆ ಬಹಳ ತಿಂಗಳು ಮನೆಯಿಂದ ಹೊರಬೀಳಲಿಲ್ಲ. ಕೊನೆಗೆ ಸಲಗರೆಯಿಂದ ಅವರ ಸೊಸೆಯೇ ಆಟವನ್ನು ಮರಳಿ ಕೊಡಲು ಬಂದರು. ಮಾವಶಿ ತೀರಿಕೊಂಡು ಆಗಲೇ ಕೆಲವು ವಾರಗಳಾಗಿದ್ದವು.

“ಅತ್ತಿ ಇದನ್ನ ಮುಗಿಸಿದ್ರು ನೋಡ್ರಿ,” ಎಂದರು ಆಕೆ. “ಮುಗದ ದಿನಾ ಆ ಕೋಣ್ಯಾಗ ಎಲ್ಲಾರಿಗೂ ಪೇಢೆ ಹಂಚಿದ್ರು. ಸಿಸ್ಟರ್ ಕಡಿಂದ ಬೈಸಿಕೊಂಡ್ರು.”

ಇಂಗ್ಲಿಷಿನ ಒಂದಕ್ಷರವೂ ಬಾರದವರು. ಕೊನೆಗೆ ಆಟದ ರಾಜ ಯಾರ ಪಕ್ಷ ಸೇರಿದ ಎಂಬುದು ಅವರಿಗೆ ತಿಳಿಯಿತೋ ಇಲ್ಲವೋ…

“ಮುಂದ ಯಾವುದು ಆಡಬೇಕಂತ ನಿಮ್ಮನ್ನ ಕೇಳ ಅಂದಿದ್ರು. ನಾ ಫೋನ್ ಮಾಡೂದರಾಗ…”

“ಎರಡನೇದ್ರಿ,” ಎಂದೆ.

ಯಾರಿಗೋ ತಲುಪಿಸಬೇಕಾದ ಮಾತೆಂಬಂತೆ ಆಕೆ ತಲೆಯಾಡಿಸಿದರು.

ಈ ಸರಣಿಯನ್ನು ಎಲ್ಲಿಂದ ಶುರುಮಾಡಲಿ ಎಂದು ಈಗಲೂ ಯಾರಾದರೂ ಕೇಳುತ್ತಾರೆ. ನಾಲ್ಕನೆಯದು ಆಡಿ, ಆಮೇಲೆ ಎರಡನೆಯದು, ಅದರಲ್ಲೂ ವೈರಿ ಕಾಯುತ್ತದೆ ಅನ್ನುತ್ತೇನೆ. ಮೊದಲನೆಯದು ಯಾಕಲ್ಲ ಎಂದು ವಾದಿಸುವವರಿದ್ದಾರೆ, ನಾನು ವಾದಕ್ಕಿಳಿಯುವುದಿಲ್ಲ. ಎರಡನೆಯದು ಮಾವಶಿಗೆ ಸೇರುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಉಳಿದಿಲ್ಲ.